ಮುರಿಯದ ಕಾಲಿಗೆ ಕಟ್ಟು

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ, ಒಂದು ಚಿಟಿಕೆ ಉಪ್ಪೂ ಸೇರಿಸುವುದಿಲ್ಲ. ಸಾಕ್ಷಿ ಬೇಕೆಂದರೆ ನನ್ನ ಎಡಗಾಲಿನ ಎಕ್ಸ್‌ರೇ ಇದೆ. ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ, ಮೂಳೆ ಕೂಡಿಕೊಂಡ ಗಂಟು ಈಗಲೂ ಕಾಣುತ್ತದೆ. ನನ್ನ ಭಾವನ ಎಕ್ಸ್‌ರೇಯಲ್ಲಿ ಅಂಥದ್ದೇನೂ ಇಲ್ಲ. ನನ್ನ ಸಿಟ್ಟೆಲ್ಲ ಅಲ್ಲಿಂದಲೇ ಶುರು.

ನಾನು ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯವನು. ಓದಿದ್ದು ಇತಿಹಾಸ, ಹಾಕುವುದು ಕಟ್ಟು. ಮೂಳೆ ಡಾಕ್ಟರು ಚೀಟಿ ಬರೆಯುತ್ತಾರೆ. ನಾನು ಪಟ್ಟಿಯನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಗುಳ್ಳೆ ನಿಂತ ಮೇಲೆ ಹಿಂಡಿ ಸುತ್ತುತ್ತೇನೆ. ಸುತ್ತುವುದು ದೊಡ್ಡ ಕೆಲಸವಲ್ಲ. ಅದು ಗಟ್ಟಿಯಾಗುವ ಹತ್ತು ನಿಮಿಷ ರೋಗಿ ಅಲ್ಲಾಡದಂತೆ ನೋಡಿಕೊಳ್ಳಬೇಕಲ್ಲ, ಅದೇ ಕಷ್ಟ. "ಅಲ್ಲಾಡಬೇಡಿ" ಎಂದ ತಕ್ಷಣ ಎಂಥವರಿಗೂ ಎಲ್ಲೋ ಒಂದು ಕಡೆ ತುರಿಸುತ್ತದೆ. ಆದ್ದರಿಂದ ನಾನು ಕಥೆ ಹೇಳುತ್ತೇನೆ. ಮಣಿಕಟ್ಟಿಗೆ ಒಂದಳತೆಯದು, ತೊಡೆಗೆ ಇನ್ನೊಂದಳತೆಯದು. ಡಾಕ್ಟರ ಕೆಮ್ಮು, ದೊಡ್ಡ ನರ್ಸಮ್ಮನ ಗದರಿಕೆ, ಎಣ್ಣೆ ಕಾಣದ ಲಿಫ್ಟಿನ ಗೋಳು, ಎಲ್ಲಕ್ಕೂ ನನ್ನದೇ ಗಂಟಲು. ಕಥೆ ಕೇಳುತ್ತಾ ಬಾಯಿ ಬಿಟ್ಟವನು ಕಾಲು ಅಲ್ಲಾಡಿಸುವುದಿಲ್ಲ. ಯಾವ ವೈದ್ಯರೂ ಇದನ್ನು ಇನ್ನೂ ಕಂಡುಹಿಡಿದಿಲ್ಲ.

ಒಂದು ಕಥೆಯನ್ನು ಮಾತ್ರ ತೀರಾ ಹೆದರಿದವರಿಗೆಂದು ಎತ್ತಿಟ್ಟಿದ್ದೆ. ಎಂಟು ವರ್ಷದವನಿದ್ದಾಗ ನಾನು ಶಾಲೆಯ ಗೋಡೆಯಿಂದ ಬಿದ್ದು ಕಾಲು ಮುರಿದುಕೊಂಡೆ. ಅಂದು ಬಸ್ಸಿನವರ ಮುಷ್ಕರ. ಅಮ್ಮ ನನ್ನನ್ನು ಬೆನ್ನಿಗೆ ಹಾಕಿಕೊಂಡು, ಒಂದು ಚಪ್ಪಲಿ ಕಿತ್ತುಹೋದರೂ ನಿಲ್ಲದೆ, ನಾಲ್ಕು ಮೈಲಿ ನಡೆದು ಆಸ್ಪತ್ರೆ ಮುಟ್ಟಿಸಿದಳು. ನಾನು ಅಳಬಾರದೆಂದು ದಾರಿಯುದ್ದಕ್ಕೂ ಒಬ್ಬ ರಾಜನ ಕಥೆ ಹೇಳಿದಳು. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಪ್ಲಾಸ್ಟರ್ ಕಲ್ಲಾಗಿರುತ್ತದೆ, ರೋಗಿ ಮೆತ್ತಗಾಗಿರುತ್ತಾನೆ.

ಅಕ್ಕನ ಗಂಡ, ಅಂದರೆ ನಮ್ಮ ಭಾವ, ನೀರಿನ ಫಿಲ್ಟರ್ ಮಾರುವ ಕಂಪನಿಯಲ್ಲಿ ದೊಡ್ಡ ಮಾತುಗಾರ. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡು ಬಂದ. ಬಂದವನು ಮೂರು ಮಹಡಿಗೆ ಕೇಳುವಂತೆ ಕೂಗಿದ. ಮರುಕಪಟ್ಟು ಆ ಕಥೆ ಹೇಳಿದೆ. ಕಣ್ಣು ಮುಚ್ಚಿ ಕೇಳಿದ. ನೋವಿಗೆ ಮುಚ್ಚಿದ್ದಾನೆ ಅಂದುಕೊಂಡೆ. ಪುಣ್ಯಾತ್ಮ ಬಾಯಿಪಾಠ ಮಾಡುತ್ತಿದ್ದ!

ಎರಡು ತಿಂಗಳ ಮೇಲೆ ಅಕ್ಕ ಫೋನು ಹಿಡಿದುಕೊಂಡು ಬಂದಳು. "ನೋಡೋ, ನಿನ್ನ ಭಾವ ಎಷ್ಟು ಚೆನ್ನಾಗಿ ಮಾತಾಡಿದಾರೆ." ಕೋಟು ತೊಟ್ಟು ವೇದಿಕೆಯ ಮೇಲೆ ನಿಂತು ಭಾವ ನನ್ನ ಎಡಗಾಲು ಮುರಿದುಕೊಳ್ಳುತ್ತಿದ್ದ. ನನ್ನ ನಾಲ್ಕು ಮೈಲಿ ಅವನ ಬಾಯಲ್ಲಿ ಒಂಬತ್ತಾಗಿತ್ತು. ಎರಡೂ ಚಪ್ಪಲಿ ಹೋಗಿದ್ದವು. "ನನ್ನ ತಾಯಿ ನಿಲ್ಲಲಿಲ್ಲ ಸ್ನೇಹಿತರೇ! ನೀವು ಎರಡು ಮಹಡಿ ಹತ್ತಿ ಒಂದು ಫಿಲ್ಟರ್ ಮಾರಲಾರಿರಾ?" ಸಭೆ ಕಣ್ಣೊರೆಸಿಕೊಂಡಿತು. ಅವನ ತಾಯಿಯೋ, ಹೆಗಲ ಮೇಲಿನ ಶಾಲನ್ನೇ ಭಾರವೆನ್ನುವ ಮಹಾತಾಯಿ. ನನ್ನ ಅಮ್ಮನ ಬೆನ್ನನ್ನು ಇವನು ಫಿಲ್ಟರಿಗೆ ಜಾಹೀರಾತು ಮಾಡಿದ್ದ. ಮೈಯೆಲ್ಲ ಉರಿದುಹೋಯಿತು.

"ಭಾವ, ಅದು ನಮ್ಮಮ್ಮ."

"ಗೊತ್ತಯ್ಯ. ಅದಕ್ಕೇನೀಗ?"

"ನಿಮ್ಮಮ್ಮ ಅಂದಿದೀರಲ್ಲ!"

"ಬಾಮೈದನ ಅಮ್ಮ ಅಂದ್ರೆ ಯಾರಾದ್ರೂ ಅಳ್ತಾರೇನೋ?"

"ಕಾಲು ನಂದು!"

"ಕಾಲು ನೀನೇ ಇಟ್ಕೋ, ಯಾರು ಕೇಳಿದ್ರು? ಕಥೆ ಗಾಳಿ ಇದ್ದ ಹಾಗೆ. ಮೂಗಿದ್ದೋರೆಲ್ಲ ಉಸಿರಾಡಬಹುದು."

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಮರುವಾರ ಏಣಿಯಿಂದ ಬಿದ್ದ ಪೇಂಟರ್ ಒಬ್ಬ ಬಂದ. ಗಡಗಡ ನಡುಗುತ್ತಿದ್ದ. ನನ್ನ ಕಥೆ ಶುರುಮಾಡಿದೆ, ಚಪ್ಪಲಿಯವರೆಗೂ ಬಂದಿರಲಿಲ್ಲ.

"ಇದು ಆ ಫಿಲ್ಟರ್ ಸಾಹೇಬ್ರ ಕಥೆ ಅಲ್ವಾ?" ಅಂದ. "ಫೋನಲ್ಲಿ ನೋಡಿದೀನಿ. ಬೇರೆಯೋರ ತಾಯಿನ ನಿಮ್ಮ ತಾಯಿ ಅಂತೀರಲ್ಲ ಸಾರ್, ನಾಚಿಕೆ ಆಗಲ್ವಾ? ಬೇರೇದು ಹೇಳಿ."

ಬಕೆಟ್ಟಿನ ಮುಂದೆ ಕೈ ಬಿಳಿ ಮಾಡಿಕೊಂಡು ನಿಂತೆ. ನನ್ನ ಕಾಲು, ನನ್ನ ಅಮ್ಮ, ಕಳ್ಳ ನಾನು! ಆ ಕಥೆ ನನ್ನ ಕೋಣೆಯಲ್ಲೇ ನನಗೆ ಸಲ್ಲದಾಯಿತು. ಭಾವನ ಬಾಯಿಂದಲೇ ನಿಜ ಹೊರಡಿಸದಿದ್ದರೆ ನಾನು ಇನ್ನೆಂದೂ ಅಮ್ಮನ ಬೆನ್ನೇರುವ ಹಾಗಿರಲಿಲ್ಲ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಆಸ್ಪತ್ರೆಯ ಫೋನಿನಿಂದ ಭಾವನಿಗೆ ಕರೆ ಮಾಡಿದೆ, ಮೂಳೆ ಡಾಕ್ಟರ ದನಿಯಲ್ಲಿ. ಅವರು ಪ್ರತಿ ಮಾತಿಗೂ ಮುಂಚೆ ಕೆಮ್ಮುತ್ತಾರೆ, ಕೆಮ್ಮಿಗೂ ಮುಂಚೆ ಯೋಚಿಸುತ್ತಾರೆ.

"ನಿಮ್ಮ ಭಾಷಣ, ಹ್ಹೆಂ, ನೋಡಿದೆ. ನೀವು ನಡೆಯೋದೂ ನೋಡಿದೆ. ಆ ಹಳೇ ಮೂಳೆ ಸರಿಯಾಗಿ ಕೂಡಿಲ್ಲ ಕಣ್ರೀ. ನಾಳೆ ಹನ್ನೊಂದಕ್ಕೆ ಬನ್ನಿ. ಅಥವಾ, ಹ್ಹೆಂ, ಕಾಲು ಮುರಿದೇ ಇರಲಿಲ್ವೋ?"

ಆ ಕಡೆ ಕುರ್ಚಿ ಎಳೆದ ಸದ್ದು. ಆಮೇಲೆ, "ಛೇ ಛೇ, ಮುರಿದಿತ್ತು ಡಾಕ್ಟ್ರೇ. ಎರಡು ಕಡೆ."

ಮರುದಿನ ಕುಂಟುತ್ತಾ ಬಂದ, ಅದೂ ಬಲಗಾಲಿನಲ್ಲಿ! ಯಾವ ಕಾಲನ್ನು ಕದ್ದೆನೆಂಬ ನೆನಪೂ ಇಲ್ಲದ ಕಳ್ಳ. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದೆ. ಎರಡೂ ಕಾಲು ಹೊಸ ಕೊಳವೆಗಳಂತಿದ್ದವು.

"ಅಯ್ಯೋ ಭಾವ," ಎಂದೆ. "ಡಾಕ್ಟರು ಆಪರೇಶನ್‌ನಲ್ಲಿದ್ದಾರೆ. ತೊಡೆಯಿಂದ ಬೆರಳಿನ ತನಕ ಕಟ್ಟು ಹಾಕು ಅಂದಿದಾರೆ. ಎರಡು ತಿಂಗಳು."

ಒಂದು ಮಾತು ಹೇಳಿದ್ದರೆ ಸಾಕಿತ್ತು: 'ಅದು ನನ್ನ ಕಾಲಲ್ಲ'. ಬೇಕಾದಷ್ಟು ಹೊತ್ತು ಕೊಟ್ಟೆ. ವಾಯಿದೆ ಮುಗಿದ ಪಟ್ಟಿಗಳನ್ನು ಒಂದೊಂದಾಗಿ ಹುಡುಕಿ ತೆಗೆದೆ, ಒಂದೊಂದಾಗಿ ಅದ್ದಿದೆ. ಭಾವ ಗೋಡೆ ನೋಡಿದ, ಕೊನೆಗೆ ಪ್ಯಾಂಟು ಮೇಲೆತ್ತಿದ. ಸುಳ್ಳು ಬಿಚ್ಚುವುದಕ್ಕಿಂತ ಕಾಲು ಕಟ್ಟಿಸಿಕೊಳ್ಳುವುದೇ ಸುಲಭವೆನಿಸಿತು ಆ ಮಹಾನುಭಾವನಿಗೆ! ನಾನೂ ಹಲ್ಲು ಕಚ್ಚಿ ಸುತ್ತಿದೆ. ಐದು ಪಟ್ಟಿ ಹಿಡಿಯಿತು. ಕಾಲು ಕಂಬವಾದ ಮೇಲೆ ಹತ್ತಿರ ಬಗ್ಗಿ ಮೆಲ್ಲಗೆ, "ಅಥವಾ, ಹ್ಹೆಂ, ಕಾಲು ಮುರಿದೇ ಇರಲಿಲ್ವೋ?" ಎಂದೆ.

ಭಾವನ ಮುಖ ಕೆಂಪಾಯಿತು. "ನೀನಾ! ಬಿಚ್ಚೋ ಇದನ್ನ! ಬಿಚ್ಚೋ ದರಿದ್ರದವನೇ!"

"ನಿಜ ಹೇಳಿ, ಬಿಚ್ತೀನಿ."

ಅಷ್ಟರಲ್ಲಿ ನಾನು ಮೊದಲೇ ಹೇಳಿಕಳಿಸಿದ್ದ ಅಕ್ಕ ಮತ್ತು ಅಮ್ಮ ಬಾಗಿಲಲ್ಲಿ ನಿಂತಿದ್ದರು.

"ಏನಾಯ್ತಪ್ಪ ಅಳಿಯಂದ್ರೇ?" ಅಮ್ಮ ಗಾಬರಿಯಾದಳು.

ಭಾವ ನನ್ನನ್ನು ದುರುಗುಟ್ಟಿ ನೋಡಿದ. ಕಟ್ಟನ್ನು ನೋಡಿದ. "ಏನೂ ಆಗಿಲ್ಲ ಅತ್ತೆ. ನಿಮ್ಮ ಮಗನ ಮುರಿದ ಕಾಲನ್ನ ನಂದು ಅಂತ ಹೇಳ್ಕೊಂಡೆ. ನಿಮ್ಮನ್ನ ನಮ್ಮಮ್ಮ ಅಂದೆ. ಊರಿಗೆಲ್ಲ."

"ಇನ್ನೊಂದ್ಸಲ ಹೇಳಿ, ಜೋರಾಗಿ!" ಎಂದೆ ನಾನು.

"ನೀನು ಸುಮ್ನಿರೋ," ಎಂದು ಅಮ್ಮ ಸ್ಟೂಲು ಎಳೆದುಕೊಂಡು ಕೂತಳು. "ನನ್ನ ಬಗ್ಗೆ ಕಥೆನಾ? ಈ ಮಾರಾಯ ಬಂದೋರಿಗೆಲ್ಲ ಹೇಳಿದಾನೆ, ನನಗೆ ಒಂದಿನ ಹೇಳಿಲ್ಲ. ನೀವು ಹೇಳಿ ಅಳಿಯಂದ್ರೇ, ಕೇಳೋಣ."

ಭಾವ ಹೇಳಿದ. ಈ ಸಲ 'ನಮ್ಮತ್ತೆ' ಎಂದೇ ಹೇಳಿದ, ಅಷ್ಟರಮಟ್ಟಿಗೆ ಗೆದ್ದೆ. ದಾರಿಯುದ್ದಕ್ಕೂ ರಾಜನ ಕಥೆ ಎಂಬಲ್ಲಿಗೆ ಬಂದಾಗ ಅಮ್ಮ ಕೈ ಎತ್ತಿದಳು.

"ಯಾವ ರಾಜ? ದಾರಿಯುದ್ದಕ್ಕೂ ಇವನಿಗೆ ಬೈದಿದೀನಿ!"

"ಅಮ್ಮಾ!"

"ಏನ್ ಅಮ್ಮಾ? ಗೋಡೆ ಹತ್ತಿದ ನಿನಗೆ ಬೈದೆ. ಗೋಡೆ ಕಟ್ಟಿದವನಿಗೆ ಬೈದೆ. ಮುಷ್ಕರ ಹೂಡಿದವರ ವಂಶಕ್ಕೆಲ್ಲ ಬೈದೆ. ಆಸ್ಪತ್ರೆ ಗೇಟಲ್ಲಿ ಕಾವಲಿನವನು" — ಇಲ್ಲಿ ಅಮ್ಮ ಮೂಗಲ್ಲಿ ಮಾತಾಡಿದಳು, ಥೇಟ್ ಮೀಸೆ ಬಂದ ಹಾಗೆ — "'ಮಗೂಗೆ ಯಾಕಮ್ಮಾ ಬೈತೀ?' ಅಂದ. 'ನೀನು ಹೊತ್ಕೋ ಬಾ, ನಿನಗೆ ಬೈತೀನಿ' ಅಂದೆ. ಗೇಟು ಬಿಟ್ಟು ಓಡಿದ!"

ಅಕ್ಕ ಗೋಡೆ ಹಿಡಿದುಕೊಂಡು ನಕ್ಕಳು. ನನಗೆ ನಗುವಾದರೂ ಹೇಗೆ ಬರಬೇಕು? ಎಷ್ಟು ವರ್ಷದಿಂದ ಎಷ್ಟು ಜನರನ್ನು ಆ ರಾಜನಿಂದ ಅಳಿಸಿದ್ದೆ! ನಾನೂ ಅತ್ತಿದ್ದೆ!

"ಅತ್ತೆ, ಕಾವಲಿನವನದ್ದು ಇನ್ನೊಂದ್ಸಲ ಹೇಳಿ," ಎಂದ ಭಾವ, ಕಣ್ಣು ಮುಚ್ಚಿಕೊಂಡು.

"ಕಣ್ಣು ಬಿಡಿ ಭಾವ! ಅದನ್ನೂ ಬಾಯಿಪಾಠ ಮಾಡ್ತಿದೀರಾ?" ಎಂದು ಕಿರುಚಿದೆ.

ಕಂಬದಂಥ ಕಾಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಭಾವ ನಕ್ಕ ನಗುವಿಗೆ, ಹೊರಗೆ ಬೆಂಚಿನ ಮೇಲೆ ಸರದಿಗೆ ಕೂತಿದ್ದವರೆಲ್ಲ ಎದ್ದು ಒಳಗೆ ಇಣುಕಿದರು.