ಕೀಲು ಬಡಿಯುವ ಮೊದಲಿನ ‘ಹೂಂ’

1

ಎಲ್ಲಿಂದ ಶುರು ಮಾಡಲಿ? ಸ್ಪ್ರಿಂಗ್ ಹಾರಿದ ದಿನದಿಂದ ಶುರು ಮಾಡಿದರೆ ನೀವು ಕಣ್ಣರಳಿಸಿ ಓದುತ್ತೀರಿ, ಗೊತ್ತು. ಆದರೆ ಸಪ್ನಾ ನನ್ನ ಅಪ್ಪಣೆಗೆ ಕಾಯದೆ ಕೆಲಸಕ್ಕೆ ಕೂತುಬಿಟ್ಟಿದ್ದಾಳೆ. ಶಹಾಬಾದ್ ಕಲ್ಲಿನ ನೆಲದ ಮೇಲೆ ಗೋಣಿಚೀಲ ಹಾಸಿ, ಏರ್‌ಗನ್ನಿನ ನಳಿಗೆಯನ್ನು ನಡು ಮುರಿದಂತೆ ಬಗ್ಗಿಸಿ, ದಾರಕ್ಕೆ ಕಟ್ಟಿದ ಚಿಂದಿಯನ್ನು ಒಂದು ತುದಿಯಿಂದ ಬಿಟ್ಟು ಇನ್ನೊಂದು ತುದಿಯಿಂದ ಎಳೆಯುತ್ತಿದ್ದಾಳೆ. ಚಿಂದಿ ಕಪ್ಪಾಗಿ ಹೊರಬರುತ್ತದೆ. ಮತ್ತೊಂದು ಚಿಂದಿ. ಎರಡು ಮಾರು ದೂರದಲ್ಲಿ ಅವಳ ಅಪ್ಪ ಮಾಣಿಕಪ್ಪ ಬಲಗಣ್ಣಿನ ಮಗ್ಗುಲನ್ನು ಅವಳತ್ತ ಮಾಡಿ ಕೂತಿದ್ದಾನೆ. ಅವನಿಗೆ ಆ ಕಣ್ಣು ಕಾಣುವುದಿಲ್ಲ.

(ಇಲ್ಲಿಗೇ ನಿಲ್ಲಿಸಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು.)

2

ಮಾಣಿಕಪ್ಪನದು ಬಲೂನು ಹೊಡೆಯುವ ಆಟ. ಸುಲೇಪೇಟ, ಚಿತ್ತಾಪುರ, ವಾಡಿ, ಹೀಗೆ ಸಂತೆ ಎಲ್ಲಿದ್ದರೆ ಅಲ್ಲಿ ಹಲಗೆ ನಿಲ್ಲಿಸಿ ಬಲೂನು ಕಟ್ಟುತ್ತಾರೆ. ಗುಟ್ಟೊಂದು ಹೇಳುತ್ತೇನೆ: ಬಂದೂಕಿನ ಗುರಿಕಡ್ಡಿಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಬಡಿದಿಟ್ಟಿರುತ್ತಾರೆ. ಛರ್ರೆ, ಅಂದರೆ ಸೀಸದ ಸಣ್ಣ ಗುಂಡು, ಎರಡು ಬೆರಳು ಆಚೆ ಹೋಗುತ್ತದೆ. ಅದರ ಲೆಕ್ಕ ಗೊತ್ತಿದ್ದ ಮಾಣಿಕಪ್ಪ ಮಾತ್ರ ಹತ್ತಕ್ಕೆ ಹತ್ತೂ ಒಡೆದು ಜನ ಸೇರಿಸುತ್ತಿದ್ದ. ಬಲಗಣ್ಣಿನಿಂದ.

ಈಗ ಬಂದೂಕಿಗೇ ದಮ್ಮಿಲ್ಲ. ಛರ್ರೆ ಬಲೂನಿಗೆ ತಾಗಿ ಕೆಳಗೆ ಬೀಳುತ್ತದೆ. ಮೊನ್ನೆ ಸಂತೆಯಲ್ಲಿ ಪಕ್ಕದ ಬಳೆ ಅಂಗಡಿಯ ಹಮೀದಾಬಿ ಎಲ್ಲರ ಮುಂದೆ, “ಮಾಣಿಕಪ್ಪಾ, ನಿನ್ನ ಬಂದೂಕಕ್ಕಿಂತ ನನ್ನ ಕೆಮ್ಮೇ ಭಾಳ ಜೋರದ ನೋಡು” ಅಂದಳು. ಜನ ನಕ್ಕರು. ಮಾಣಿಕಪ್ಪನೂ ನಕ್ಕ. ಸಪ್ನಾ ಬಲೂನು ಊದುತ್ತಲೇ ಇದ್ದಳು.

ಒಳಗೆ ಗಾಳಿ ಒತ್ತುವ ಚರ್ಮದ ವಾಷರ್ ಒಣಗಿದೆ. ಬಿಚ್ಚಿ ಎಣ್ಣೆ ಕುಡಿಸಬೇಕು, ಸ್ಪ್ರಿಂಗಿಗೆ ಗ್ರೀಸ್ ಹಚ್ಚಬೇಕು. ಬಿಚ್ಚಲು ಇಬ್ಬರು ಬೇಕು. ಬಂದೂಕನ್ನು ನೆಟ್ಟಗೆ ನಿಲ್ಲಿಸಿ ಹಿಂದಿನ ಮುಚ್ಚಳವನ್ನು, ಒಳಗಿನ ಸ್ಪ್ರಿಂಗ್ ಅದನ್ನು ಹಾರಿಸದಂತೆ, ಒಬ್ಬರು ಎರಡೂ ಅಂಗೈಯಿಂದ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಮುಖ ಹತ್ತಿರ ತಂದು, ಮುಚ್ಚಳಕ್ಕೆ ಕೊಟ್ಟ ಅಡ್ಡ ಕೀಲನ್ನು ಮೊಳೆಯಿಟ್ಟು ಬಡಿದು ಹೊರದಬ್ಬಬೇಕು. ಒತ್ತಿದವರು ‘ಹೂಂ’ ಅನ್ನದೆ ಬಡಿಯಬಾರದು. ಈ ಮನೆಯ ಕಾನೂನು ಅದೊಂದೇ.

2 (ಮತ್ತೆ. ಮೂರಕ್ಕೆ ಹೋಗಲು ನನಗೆ ಧೈರ್ಯವಿಲ್ಲ.)

ಮೂರು ವರ್ಷದ ಹಿಂದೆ ಸಪ್ನಾ ‘ಹೂಂ’ ಅಂದಳು. ಅಪ್ಪ ಬಡಿದ. ಅವಳ ಕೈ ಸಡಿಲಾಯಿತು. ಮುಚ್ಚಳ ಹಾರಿ ಅಪ್ಪನ ಬಲಗಣ್ಣಿಗೆ ಬಡಿಯಿತು.

ಕೈ ಯಾಕೆ ಸಡಿಲಾಯಿತು? ಮೊದಲ ಡ್ರಾಫ್ಟಿನಲ್ಲಿ ಅವಳಿಗೆ ಸೀನು ಬರಿಸಿದ್ದೆ.

“ನನಗ ಸೀನ ಬಂದಿಲ್ಲ ಅಕ್ಕಾ,” ಅಂದಳು ಸಪ್ನಾ.

“ಮತ್ತ ಏನಂತ ಬರೀಲವ್ವಾ?” ಅಂದೆ.

ಅವಳು ಚಿಂದಿ ಎಳೆದಳು. ಉತ್ತರ ಕೊಟ್ಟವನು ಮಾಣಿಕಪ್ಪ: “ಸ್ಪ್ರಿಂಗ್ ಹಳೇದಿತ್ತು ಅಂತ ಬರೀರಿ. ದವಾಖಾನ್ಯಾಗೂ ಅದೇ ಬರಸೀನಿ. ಕಣ್ಣು ನಂದು. ಖರೆ ಯಾವ್ದು ಅಂತ ನಾನೇ ಹೇಳ್ತೀನಿ.”

ಎರಡನೆಯ ಡ್ರಾಫ್ಟ್ ಅವನು ಹೇಳಿದಂತೆಯೇ ಬರೆದೆ. ಚೆನ್ನಾಗಿತ್ತು, ಸುಳ್ಳಾಗಿತ್ತು, ಹರಿದೆ. ನಡೆದದ್ದು ಇಷ್ಟೇ: ಮುಚ್ಚಳದ ಅಂಚು ಒತ್ತಿ ಅವಳ ಅಂಗೈ ನೋಯುತ್ತಿತ್ತು. ‘ಹೂಂ’ ಅಂದ ಮೇಲೆ ಕೈ ಬದಲಿಸಿದಳು. ‘ತಡಿ ಯಪ್ಪಾ’ ಅನ್ನುವಷ್ಟು ಹೊತ್ತಿತ್ತು. ಅನ್ನಲಿಲ್ಲ. ಮಾತು ಬಾರದವಳಲ್ಲ, ಅವಳ ಮಾತು ಯಾವಾಗಲೂ ಒಂದು ಗಳಿಗೆ ತಡವಾಗಿ ಹೊರಡುತ್ತದೆ.

ಆ ವರ್ಷವೇ ಶಾಲೆ ಬಿಟ್ಟು ಹಲಗೆಯ ಪಕ್ಕ ನಿಂತಳು. ಬಂದೂಕನ್ನು ಆಮೇಲೆ ಯಾರೂ ಬಿಚ್ಚಿಲ್ಲ. ಅಪ್ಪ ಬೈಯಲೂ ಇಲ್ಲ. ಬೈದಿದ್ದರೆ ನನಗೊಂದು ಒಳ್ಳೆಯ ಸೀನ್ ಸಿಗುತ್ತಿತ್ತು, ಅವಳಿಗೆ ನಿದ್ದೆ ಸಿಗುತ್ತಿತ್ತು.

5

(ಮೂರು, ನಾಲ್ಕು ಒಲೆಗೆ ಹೋದವು.)

ಓದುವವರಿಗೆ ಎಂಡಿಂಗ್ ಬೇಕು. ಒಂದು ಇಲ್ಲಿದೆ: ಮಾಣಿಕಪ್ಪ ಎದ್ದು ಬಂದು ಮಗಳ ತಲೆ ಸವರಿ ಸುತ್ತಿಗೆ ಹಿಡಿಯುತ್ತಾನೆ, ಮರುದಿನ ಹಲಗೆ ತುಂಬ ಬಲೂನು ಪಟಪಟ ಒಡೆಯುತ್ತವೆ.

“ಸಿನಿಮಾ ಏನ್ರಿ ಇದು?” ಅಂದ ಮಾಣಿಕಪ್ಪ, ಗೋಡೆ ನೋಡುತ್ತ.

ಇನ್ನೊಂದು: ತಾಯಿ ಅನಸುಬಾಯಿ ಬಂದು ಕೀಲು ಬಡಿಯುತ್ತಾಳೆ. ಅನಸುಬಾಯಿ ರೊಟ್ಟಿ ತಟ್ಟುತ್ತ ಒಳಗಿನಿಂದಲೇ ಅಂದಳು, “ನನ್ನ ಹೆಸರ ತೆಗೀರಿ ಅದರಾಗಿಂದ. ಬಂದೂಕದ ಸಲುವಾಗಿ ಕುಂತಾಳೇನ್ರಿ ಅಕಿ? ಅಕಿಗಿ ಅಪ್ಪನೇ ಬರಬೇಕಾಗ್ಯಾದ.”

ಹೌದು. ಅವಳಿಗೆ ಬೇಕಾದದ್ದು ಬಂದೂಕು ಸರಿಹೋಗುವುದಲ್ಲ, ಅವನು ಮತ್ತೊಮ್ಮೆ ಅವಳ ಕೈಗಳ ಹತ್ತಿರ ಮುಖ ತರಬೇಕು. ಉಳಿದ ಕಣ್ಣು ಇರುವ ಮುಖ. ಇದನ್ನು ನಾನು ಹೇಗೆ ಬರೆದು ಕೊಡಲಿ? ನನ್ನದಲ್ಲ ಆ ಕಣ್ಣು.

ಸಪ್ನಾ ಬಂದೂಕಿನ ಕಟ್ಟಿಗೆಯ ಹಿಡಿ ಬಿಚ್ಚಿಟ್ಟಳು. ಸುತ್ತಿಗೆ, ಮೊಳೆ ತಂದು ಅಪ್ಪನ ಎಡಕ್ಕೆ, ಅವನಿಗೆ ಕಾಣುವ ಕಡೆ ಇಟ್ಟಳು. ಬಂದೂಕು ನಿಲ್ಲಿಸಿ ಎರಡೂ ಅಂಗೈ ಒತ್ತಿದಳು.

“ಯಪ್ಪಾ, ಒತ್ತಿ ಹಿಡದೀನಿ. ಕೈ ಬದಲಿಸೂದಿದ್ರ ಮೊದ್ಲೇ ಹೇಳ್ತೀನಿ.”

ಮಾಣಿಕಪ್ಪ ಸುತ್ತಿಗೆ ನೋಡಿದ. ಒಳಗೆ ರೊಟ್ಟಿಯ ಸದ್ದು ನಿಂತಿತು. ನಾನೂ ಪೆನ್ನು ಎತ್ತಿದ್ದೇನೆ. ಯಾವ ಕಡೆಗೂ ಇಳಿಸುವುದಿಲ್ಲ.

ಅಂಗೈ ನೋಯತೊಡಗಿತು. ಅವಳು ಕೈ ಬದಲಿಸಲಿಲ್ಲ.

“ಹೂಂ,” ಅಂದಳು. “ಕೀಲ ಬಡಿ ಯಪ್ಪಾ.”