ಮೇಸ್ತ್ರಿಗೂ ಸಿಕ್ಕ ಕೃಪೆ

ಚಿತ್ರಗಳಿಗೆ ಚೌಕಟ್ಟು ಹಾಕಿಕೊಡುವ ಅಂಗಡಿಯವನ ಬಲಗೈಯಲ್ಲಿ ಮೂರೇ ಬೆರಳು. ಉಳಿದೆರಡು ಡಬ್ಬಿ ಕಾರ್ಖಾನೆಯ ತಗಡು ಒತ್ತುವ ಅಚ್ಚು ಯಂತ್ರದ ಪಾಲಾಗಿದ್ದವು. ಆಗ ಅವನಿಗೆ ಹೊಸದಾಗಿ ಮದುವೆಯಾಗಿತ್ತು. ಕೈಗೆ ಅಡ್ಡವಾಗಿ ಇರಬೇಕಾಗಿದ್ದ ಕಬ್ಬಿಣದ ಜಾಲರಿಯನ್ನು, ಕೆಲಸ ಬೇಗ ಸಾಗಲೆಂದು ಮೇಸ್ತ್ರಿಯೇ ಬಿಚ್ಚಿಸಿದ್ದ. ವಿಚಾರಣೆ ನಡೆದಾಗ, "ಇವನು ತೂಕಡಿಸ್ತಿದ್ದ ಸ್ವಾಮಿ" ಎಂದು ಹೇಳಿ ಕೈತೊಳೆದುಕೊಂಡ. ಎಲ್ಲರೂ ಮೇಸ್ತ್ರಿಯ ಮಾತನ್ನೇ ನಂಬಿದರು. ಬೆರಳು ಹೋದವನ ಕೆಲಸವೂ ಹೋಯಿತು. ಕೆಲಸಗಳ್ಳನೆಂಬ ಹೆಸರು ಬೇರೆ ಬಂತು.

ಆ ಕಷ್ಟದ ಕಾಲದಲ್ಲಿ ಹೆಂಡತಿ ಅವನನ್ನು ತನ್ನ ತವರಿನವರು ಹೋಗುತ್ತಿದ್ದ ಕ್ರೈಸ್ತ ಸಭೆಗೆ ಕರೆದುಕೊಂಡು ಹೋದಳು. ಅಲ್ಲಿ ಅವನಿಗೆ ನೆಮ್ಮದಿ ಸಿಕ್ಕಿತು. ವರ್ಷಗಳು ಕಳೆದ ಹಾಗೆ ಅಂಗಡಿ ನಿಂತಿತು, ತಲೆ ನರೆಯಿತು, ಸಭೆಯವರು ಅವನನ್ನು ಸಭೆಯ ಆಡಳಿತ ನೋಡುವ ಹಿರಿಯನನ್ನಾಗಿ ಆರಿಸಿದರು. ಭಾನುವಾರದ ಆರಾಧನೆ ಮುಗಿದ ಮೇಲೆ ದೊಡ್ಡವರಿಗೆ ಪಾಠ ಹೇಳುವುದು ಅವನ ಪಾಲಿಗೆ ಬಂತು. ದೇವರು ಲೋಕ ಹುಟ್ಟುವ ಮುಂಚೆಯೇ ತನ್ನವರನ್ನು ಆರಿಸಿಕೊಂಡಿದ್ದಾನೆ, ರಕ್ಷಣೆ ಎನ್ನುವುದು ಕೂಲಿಯಲ್ಲ, ಕೊಡುಗೆ. ಇದು ಅವನ ಅಚ್ಚುಮೆಚ್ಚಿನ ಪಾಠ.

ಒಂದು ಭಾನುವಾರ, ನಿವೃತ್ತರಾಗಿದ್ದ ಬಸ್ ಕಂಡಕ್ಟರರೊಬ್ಬರು ಕೇಳಿದರು: "ಹಾಗಾದ್ರೆ ಯಾರನ್ನ ಬೇಕಾದ್ರೂ ಆರಿಸ್ಕೊಳ್ಳಬಹುದಾ? ಮನೆಹಾಳರನ್ನೂ?"

"ಯಾರನ್ನ ಬೇಕಾದ್ರೂ. ಯೋಗ್ಯತೆ ನೋಡೋಕೆ ಹೊರಟ್ರೆ ನಮ್ಮಲ್ಲಿ ಒಬ್ಬರೂ ಉಳಿಯಲ್ಲ" ಎಂದ ಅವನು, ನೀರು ಕುಡಿದಷ್ಟು ಸಲೀಸಾಗಿ.

ಅದೇ ವಾರ ಮೇಸ್ತ್ರಿಯ ಮಗಳು ಅಂಗಡಿಗೆ ಬಂದಳು. ಇತ್ತೀಚೆಗೆ ಸಭೆಗೆ ಬರಲು ಶುರು ಮಾಡಿದ್ದ ಹೆಂಗಸು. ಮುಖ ನೋಡಿ ಗೊತ್ತಿತ್ತು, ಯಾರ ಮಗಳೆಂದು ಗೊತ್ತಿರಲಿಲ್ಲ. ಕೆಲಸದ ಮೇಜಿನ ಆಚೆ ನಿಂತು ಅವಳೇ ಹೇಳಿದಳು. ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ನಾಳೆ ಬೆಳಿಗ್ಗೆ ಎದೆಯ ಆಪರೇಷನ್, ಉಳಿಯುವುದು ಕಷ್ಟ ಎಂದಿದ್ದಾರೆ ಡಾಕ್ಟರು.

"ಸಭಾಪಾಲಕರಿಗೆ ಹೇಳಮ್ಮ, ಬಂದು ಪ್ರಾರ್ಥನೆ ಮಾಡ್ತಾರೆ" ಎಂದ ಅವನು, ಕೊಯ್ಯುತ್ತಿದ್ದ ಗಾಜಿನಿಂದ ಕಣ್ಣೆತ್ತದೆ.

"ಪಾಲಕರು ಊರಲ್ಲಿಲ್ಲ. ಇದ್ದಿದ್ರೂ... ಅಪ್ಪ ನಿಮ್ಮನ್ನೇ ಕೇಳ್ತಿದ್ದಾರೆ. ನಿಮ್ಮನ್ನೇ ಕರ್ಕೊಂಡು ಬಾ ಅಂದ್ರು."

"ನೋಡ್ತೀನಿ."

ಅವಳು ಹೋದ ಮೇಲೆ, ಹಿಂದಿನ ಕೋಣೆಯಲ್ಲಿ ರಟ್ಟು ಅಳೆಯುತ್ತಿದ್ದ ಹೆಂಡತಿ ಹೊರಗೆ ಬಂದಳು. "ನೋಡ್ತೀನಿ ಅಂದ್ರೆ ಹೋಗಲ್ಲ ಅಂತ ತಾನೇ?"

"ಕೈತುಂಬ ಕೆಲಸ ಇದೆ ಕಣೇ."

"ಇರೋದು ಒಂದೂವರೆ ಕೈ. ಅದರ ತುಂಬ ಎಷ್ಟು ಕೆಲಸ ಹಿಡಿಯುತ್ತೆ ಅಂತ ನನಗೆ ಗೊತ್ತಿಲ್ವಾ? ಹೋಗಿ ಬನ್ನಿ. ಇಲ್ಲಾಂದ್ರೆ ಬರೋ ಭಾನುವಾರ ಪಾಠ ಹೇಳ್ಬೇಡಿ."

ಮಧ್ಯಾಹ್ನ ಆಸ್ಪತ್ರೆಗೆ ಹೋದ. ಯಂತ್ರಗಳ ಸದ್ದನ್ನೂ ಮೀರಿಸುವ ಹಾಗೆ ಗುಡುಗುತ್ತಿದ್ದ ಮನುಷ್ಯ ಕಿಟಕಿ ಪಕ್ಕದ ಮಂಚದಲ್ಲಿ ಒಣಗಿದ ಕಡ್ಡಿಯ ಹಾಗೆ ಮಲಗಿದ್ದ. ಮಗಳು ಕುರ್ಚಿ ಎಳೆದುಕೊಟ್ಟು ಹೊರಗೆ ಹೋದಳು.

ಮೇಸ್ತ್ರಿ ಪೀಠಿಕೆ ಹಾಕಲಿಲ್ಲ. "ನೀನು ತೂಕಡಿಸ್ತಿರಲಿಲ್ಲ. ಜಾಲರಿ ಬಿಚ್ಚಿಸಿದ್ದು ನಾನು."

"ಗೊತ್ತು."

"ನನ್ನ ಕೆಲಸ ಹೋಗುತ್ತೆ ಅಂತ ಸುಳ್ಳು ಹೇಳ್ದೆ."

"ಅದೂ ಗೊತ್ತು."

ಮೇಸ್ತ್ರಿ ಅವನ ಕಡೆ ಹೊರಳಿ ಹೇಳಿದ: "ಮಗಳು ನಿನ್ನ ಪಾಠದ್ದೆಲ್ಲಾ ಬಂದು ಹೇಳ್ತಾಳೆ. ದೇವರು ಮೊದಲೇ ಆರಿಸ್ಕೊಂಡಿರ್ತಾನಂತೆ. ನನಗಿನ್ನು ಒಳ್ಳೇದು ಮಾಡೋಕೆ ಹೊತ್ತೂ ಇಲ್ಲ, ಶಕ್ತಿಯೂ ಇಲ್ಲ. ಅವನು ನನ್ನನ್ನ ಆರಿಸಿಲ್ಲದಿದ್ರೆ ಏನು ಗತಿ? ನಿಜ ಹೇಳು. ನನ್ನ ಮೇಲೆ ಕರುಣೆ ಇಲ್ಲದವನು ನೀನು. ಸಮಾಧಾನಕ್ಕೆ ಅಂತ ಸುಳ್ಳು ಹೇಳೋದಿಲ್ಲ."

ಅಂಗಡಿಯವನಿಗೆ ಸುಮ್ಮನೆ ಎದ್ದು ಹೋಗಬೇಕೆನಿಸಿತು. ಪಾಠ ಹೇಳುವಾಗೆಲ್ಲ "ಯಾರನ್ನ ಬೇಕಾದರೂ" ಎನ್ನುತ್ತಿದ್ದನೇ ಹೊರತು, ಒಬ್ಬ ಮನುಷ್ಯನನ್ನು ಮನಸ್ಸಿನ ಮೂಲೆಯಲ್ಲಿ ಹೊರಗಿಟ್ಟೇ ಹಾಗೆನ್ನುತ್ತಿದ್ದ. ಈ ಮೇಸ್ತ್ರಿಯಂತೂ ದೇವರು ಆರಿಸಿದವರಲ್ಲಿ ಇರಲಾರ ಎಂಬುದು ಅವನಿಗೆ ಎಷ್ಟೋ ವರ್ಷಗಳ ಸಮಾಧಾನವಾಗಿತ್ತು. ಈಗ ಏನೂ ಹೇಳದೆ ಕೂತರೆ ಸಾಕು, ಮುಯ್ಯಿ ತೀರುತ್ತಿತ್ತು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನುಂಗಿಕೊಂಡರೆ ತಾನೂ ವಿಚಾರಣೆಯಲ್ಲಿ ಸುಳ್ಳು ಹೇಳಿದ ಹಾಗೇ.

ಬೇರೆ ಯಾರದೋ ಸಾಮಾನನ್ನು ತಲುಪಿಸುವವನ ಹಾಗೆ ಮಾತು ಶುರು ಮಾಡಿದ: "ದೇವರ ಮನಸ್ಸಿನ ಒಳಗೆ ಇಣುಕಿ ನೋಡಿದವರು ಯಾರೂ ಇಲ್ಲ. ನಾನೂ ನೋಡಿಲ್ಲ. ನಮಗೆ ತಿಳಿಸಿರೋದು ಇಷ್ಟೇ, ಕ್ರಿಸ್ತನ ಹತ್ರ ಬರೋರನ್ನ ಆತ ತಳ್ಳಿಬಿಡೋದಿಲ್ಲ. ಬರ್ಬೇಕು ಅನ್ನೋ ಮನಸ್ಸೂ ನಮ್ಮ ಸಂಪಾದನೆ ಅಲ್ಲ, ಅದನ್ನ ಕೊಡೋನೂ ಅವನೇ. ನಿಮಗೆ ಬರ್ಬೇಕು ಅನ್ಸುತ್ತಾ?"

"ಅನ್ಸುತ್ತೆ. ಅದಕ್ಕೇ ಭಯ."

"ಹಾಗಾದ್ರೆ ಬನ್ನಿ. ಆರಿಸಿದಾನಾ ಇಲ್ವಾ ಅಂತ ಬಾಗಿಲಲ್ಲೇ ನಿಂತು ವಿಚಾರ ಮಾಡ್ಬೇಡಿ."

"ನನ್ನಂಥವನನ್ನ ಯಾಕೆ ಕರೀತಾನೆ? ಏನಾದ್ರೂ ಕಾರಣ ಬೇಡ್ವಾ?"

"ಕಾರಣ ನಿಮ್ಮಲ್ಲಿಲ್ಲ" ಎಂದ ಅವನು. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆದರೆ ಪಾಠದ ಇನ್ನೊಂದು ಅರ್ಧ ಬಾಕಿಯಿತ್ತು. ಅನ್ಯಾಯವನ್ನು ಸಹಿಸಿಕೊಂಡವನು, ಗೊಣಗದೆ ದುಡಿದವನು, ಅದಕ್ಕೇ ದೇವರ ಕಣ್ಣಿಗೆ ಬಿದ್ದವನು ಎಂದು ತನ್ನ ಬಗ್ಗೆ ತಾನು ಅಂದುಕೊಂಡಿದ್ದು ಆ ಗಳಿಗೆಯಲ್ಲಿ ಅವನಿಗೇ ಗೊತ್ತಾಯಿತು. "ನನ್ನಲ್ಲೂ ಇಲ್ಲ" ಎಂದು ಕೊನೆಗೆ ಹೇಳಿದ.

ಮೇಸ್ತ್ರಿಯ ಕಣ್ಣಲ್ಲಿ ನೀರು ಬಂತು. "ನೀನು ನನ್ನನ್ನ ಕ್ಷಮಿಸಿದೀಯಾ?"

"ಇವತ್ತು ಹಾಗಂತ ಹೇಳಲಾರೆ. ದೇವರಷ್ಟು ದೊಡ್ಡ ಮನಸ್ಸು ನನಗಿಲ್ಲ. ಪ್ರಾರ್ಥನೆ ಮಾಡ್ತೀನಿ, ಕಣ್ಮುಚ್ಚಿಕೊಳ್ಳಿ."

ಚುಟುಕಾಗಿ ಪ್ರಾರ್ಥನೆ ಮಾಡಿ ಮನೆಗೆ ಬಂದ. ಹೆಂಡತಿ ಏನಾಯಿತೆಂದು ಕೇಳಿದ್ದಕ್ಕೆ, "ಹೇಳೋದು ಹೇಳಿದೆ. ಪಾಪ, ಹೋಗೋ ಜೀವ" ಎಂದ.

ಆದರೆ ಹೋಗುವ ಜೀವ ಹೋಗಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತು. ಮೇಸ್ತ್ರಿ ಚೇತರಿಸಿಕೊಂಡು ಮಗಳ ಕೈಹಿಡಿದು ಸಭೆಗೆ ಬಂದ. ಬಂದವನು ಹಿಂದೆ ಕೂರಲಿಲ್ಲ, ಮೊದಲ ಬೆಂಚಿನಲ್ಲೇ ಕೂತ. ರಾಗ ತಾಳ ಎರಡನ್ನೂ ಬಿಟ್ಟು ಗಟ್ಟಿಯಾಗಿ ಹಾಡಿದ. ತಿಂಗಳು ಕಳೆಯುವುದರೊಳಗೆ ಬೆಂಚುಗಳನ್ನು ಸಾಲಾಗಿ ಇಡಿ ಎಂದು ಎಲ್ಲರಿಗೂ ಅಪ್ಪಣೆ ಮಾಡತೊಡಗಿದ. ಒಂದು ದಿನ ಎದ್ದು ನಿಂತು, ಜಾಲರಿ ಬಿಚ್ಚಿಸಿದ್ದು, ಸುಳ್ಳು ಹೇಳಿದ್ದು ಎಲ್ಲವನ್ನೂ ಒಪ್ಪಿಕೊಂಡ. ಸಭೆಗೆ ಸಭೆಯೇ ಅತ್ತಿತು. ಕಂಡಕ್ಟರು ಹೋಗಿ ಅವನನ್ನು ತಬ್ಬಿಕೊಂಡರು. ಬೆರಳು ಕಳೆದುಕೊಂಡವನನ್ನು ಯಾರೂ ತಬ್ಬಿಕೊಳ್ಳಲಿಲ್ಲ.

ಮರುದಿನ ಅವನು ಪಾಲಕರ ಮನೆಗೆ ಹೋದ. "ನನಗೆ ಹಿರಿಯನ ಕೆಲಸ ಬೇಡ ಅಯ್ಯನವರೇ. ನನಗೆ ಹೊಟ್ಟೆಕಿಚ್ಚು."

"ಯಾರ ಮೇಲೆ?"

"ಸಾಯೋ ಹೊತ್ತಲ್ಲಿ ಬಂದು ಮುಂದಿನ ಬೆಂಚು ಹಿಡಿದೋರ ಮೇಲೆ. ಸಾಯಲೂ ಇಲ್ಲ."

ಪಾಲಕರು ನಗು ತಡೆಯಲಾರದೆ ಕನ್ನಡಕ ತೆಗೆದು ಒರೆಸಿಕೊಂಡರು. "ನೀವೇ ಕರೆದ್ರಿ, ಅವರು ಬಂದ್ರು. ಈಗ ಬೇಜಾರಾದ್ರೆ ಹೇಗೆ? ಹೊಟ್ಟೆಕಿಚ್ಚಿನವರಿಗೂ ಅದೇ ಕೃಪೆ, ಬೇರೆ ಇಲ್ಲ. ಹೋಗಿ, ಭಾನುವಾರ ಪಾಠ ಇದೆ."

ಅವನು ಪಾಠ ಬಿಡಲಿಲ್ಲ. ಮೇಸ್ತ್ರಿಯೂ ಅವನನ್ನು ಬಿಡಲಿಲ್ಲ. ಮನೆಯಲ್ಲಿ ಹೊತ್ತು ಹೋಗುವುದಿಲ್ಲವೆಂದು ದಿನಾ ಸಂಜೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ. "ಆ ಮೂಲೆ ಓರೆಯಾಗಿದೆ" ಎನ್ನುತ್ತಿದ್ದ. ಮೊದಮೊದಲು ಅಂಗಡಿಯವನು ಉತ್ತರ ಕೊಡುತ್ತಿರಲಿಲ್ಲ. ಆಮೇಲೆ, "ಓರೆಯಾಗಿರೋದು ನಿಮ್ಮ ಕಣ್ಣು" ಎನ್ನತೊಡಗಿದ. ಹೆಂಡತಿ ಒಳಗಿನಿಂದ ಇಬ್ಬರಿಗೂ ಚಹಾ ತಂದಿಡುತ್ತಿದ್ದಳು.

ಒಂದು ಸಂಜೆ ಮೇಸ್ತ್ರಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಅಂಗಡಿಯವನಿಗೆ ಕೆಲಸದಲ್ಲಿ ಕೈ ಓಡಲಿಲ್ಲ. ಅರ್ಧ ಅಂಟಿಸಿದ ಚೌಕಟ್ಟನ್ನು ಹಾಗೇ ಬಿಟ್ಟು, ಅಂಗಡಿಯ ಬಾಗಿಲು ಎಳೆದುಕೊಂಡು, ದಾರಿಯುದ್ದಕ್ಕೂ ಇಲ್ಲಸಲ್ಲದ ಯೋಚನೆ ಮಾಡುತ್ತಾ ಮೇಸ್ತ್ರಿಯ ಮನೆಗೆ ಓಡಿದ. ಮೇಸ್ತ್ರಿ ಶಾಲು ಹೊದ್ದು ಕುರ್ಚಿಯಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದ. ಬರೀ ನೆಗಡಿ.

"ಕೆಲಸದ ಹೊತ್ತಲ್ಲಿ ಅಂಗಡಿ ಮುಚ್ಚಿ ಬಂದಿದೀಯಲ್ಲ, ಬುದ್ಧಿ ಇದೆಯಾ ನಿನಗೆ?" ಎಂದು ಗುಡುಗಿದ.

ಅವನು ಏದುಸಿರು ಬಿಡುತ್ತಾ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕುಸಿದು ಕೂತು, ಕುಡಿಯಲು ನೀರು ಕೇಳಿದ.