ನಲವತ್ತೊಂದನೆಯ ಸಾಲು

ನಾನೊಂದು ಪುಟ್ಟ ಪ್ರೋಗ್ರಾಮು, ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿರುವಂಥದ್ದು. ಹುಟ್ಟಿದಾಗ ನನಗಿದ್ದದ್ದು ನಲವತ್ತು ಸಾಲು. ಇರಬೇಕಾದದ್ದು ನಲವತ್ತೊಂದು.

ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದ ಶಶಿರೇಖಾ ಮಠಪತಿ ನನ್ನನ್ನು ಬರೆದಳು. ಅವಳ ಗುರು ಬಾಳಿಕಾಯಿ ಸರ್ ಇಪ್ಪತ್ತೆರಡು ವರ್ಷ ಒಂದೇ ವಿಧಾನದ ಬೆನ್ನು ಹತ್ತಿದ್ದರು: ಕೆಲವೇ ಮನೆಗಳನ್ನು ನೋಡಿ ಇಡೀ ಜಿಲ್ಲೆಯ ರಕ್ತಹೀನತೆಯನ್ನು ಅಂದಾಜು ಮಾಡುವುದು. ಅದು ಹಳೆಯ ವಿಧಾನಕ್ಕಿಂತ ಮೇಲು ಎಂದು ತೋರಿಸಲು ಕಾಲ್ಪನಿಕ ಜಿಲ್ಲೆಗಳ ಮೇಲೆ ಹತ್ತು ಸಾವಿರ ಸಲ ಪರೀಕ್ಷಿಸಬೇಕಿತ್ತು. ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶಕ್ಕೆ ಅದು ವಾರಗಟ್ಟಲೆ ಹಿಡಿಯುತ್ತಿತ್ತು. ಸಿ ಬಲು ಚುರುಕು, ಅದಕ್ಕೇ ನಾನು. ಆರ್ ನನ್ನನ್ನು ನೂರು ಸಲ ಕರೆಯುವುದು, ಪ್ರತಿ ಸಲ ನಾನು ನೂರು ಪರೀಕ್ಷೆ ಮುಗಿಸುವುದು.

ಆರ್ ಬಳಿ ಊಹಿಸಲಾಗದ ಅಂಕಿಗಳ ಒಂದು ದೊಡ್ಡ ಪುಸ್ತಕವಿದೆ ಎನ್ನಿ. ಎಲ್ಲಿಯವರೆಗೆ ಓದಿದೆ ಎಂಬ ಗುರುತು ಅದರೊಳಗಿರುತ್ತದೆ. ಗುರುತಿನಿಂದ ಓದಲು ಶುರುಮಾಡಬೇಕು. ಮುಗಿಸಿದ ಮೇಲೆ ಗುರುತನ್ನು ಮುಂದಿಡಬೇಕು. ಮೊದಲನೆಯದನ್ನು ಅವಳು ಬರೆದಳು. ಎರಡನೆಯದನ್ನು, ಆ ನಲವತ್ತೊಂದನೆಯ ಸಾಲನ್ನು, ಮರೆತಳು. ನಾನು ನೂರು ಸಲವೂ ಅದೇ ಪುಟ ಓದಿದೆ. ಆ ಪುಟದ ಅಂಕಿಗಳು ಸರ್ ವಿಧಾನಕ್ಕೆ ಒಲಿದಿದ್ದವು.

ಕರೆಯಿಂದ ಕರೆಗೆ ಸರ್ ವಿಧಾನದ ದೋಷ ಎಷ್ಟೆಂದು ತೋರಿಸುವ ಗೆರೆ ಒಂಚೂರೂ ಅಲುಗಾಡದೆ, ಹಳೆಯ ವಿಧಾನದ ಗೆರೆಗಿಂತ ಉದ್ದಕ್ಕೂ ಕೆಳಗೇ ಸಾಗಿತು.

"ಏನ್ ಛಂದ ಬಂದೈತಿ ನೋಡವಾ!" ಸರ್ ಪರದೆಯನ್ನು ಬೆರಳಿನಿಂದ ಸವರಿದರು. ಪ್ರಬಂಧ ಅಚ್ಚಾಯಿತು.

ಅವರು ನಿವೃತ್ತರಾಗಿ ಹಾಸಿಗೆ ಹಿಡಿದ ವರ್ಷ ನಾನು ಶಶಿರೇಖಾಳ ಗೆಳತಿ, ಬಾಗಲಕೋಟೆಯ ಉಪನ್ಯಾಸಕಿ ತಬಸ್ಸುಮ್ ಕೈಗೆ ಹೋದೆ. ಎರಡೇ ದಿನಕ್ಕೆ ಫೋನು.

"ಲೇ ಶಶಿ, ಎಷ್ಟು ಸಲ ಕರದ್ರೂ ಅವೇ ಅಂಕಿ ಹೇಳತೈತಲ್ಲ ಇದು! ಪ್ರೋಗ್ರಾಮ್ ಬರದೀಯೋ, ಗಿಣಿ ಸಾಕೀಯೋ?"

ಶಶಿರೇಖಾ ನಗಲಿಲ್ಲ. ಐದು ದಿನ ನನ್ನನ್ನು ತೆರೆದು, ಒಂದಕ್ಷರವೂ ಒತ್ತದೆ ನೋಡುತ್ತ ಕೂತಳು. ಆರನೆಯ ದಿನ ಲ್ಯಾಪ್‌ಟಾಪ್ ಹಿಡಿದು ಸರ್ ಮನೆಗೆ ಹೋದಳು.

"ಸರ್, ಒಂದು ಸಾಲು ಬಿಟ್ಟಬಿಟ್ಟೀನ್ರಿ. ನಾವು ನೋಡಿದ್ದು ಹತ್ತು ಸಾವಿರ ಅಲ್ರಿ... ಬರೇ ನೂರು."

ಸರ್ ದಿಂಬಿಗೆ ಒರಗಿ ಎದ್ದು ಕೂತರು.

"ಹಾಕು ಆ ಸಾಲು. ನನ್ನ ಮುಂದ ಓಡಸು."

ಮೊದಲ ಸಲ ನಾನು ಪುಟ ತಿರುಗಿಸಿದೆ. ಗೆರೆ ನಡುಗುತ್ತ ಮೇಲೇರಿ, ಹಳೆಯದರ ಜೊತೆ ಹೆಣೆದುಕೊಂಡಿತು. ಯಾವುದು ಯಾರದೆಂದು ಗೊತ್ತಾಗಲಿಲ್ಲ.

"ಬರಕೋ," ಎಂದರು ಸರ್. "ಪ್ರಬಂಧ ವಾಪಸ್ ತಗೋತೀವಿ ಅಂತ. ನನ್ನ ಹೆಸರು ಮೊದಲು ಹಾಕು."

"ತಪ್ಪು ನಂದ್ರಿ, ಸರ್."

"ಛಂದ ಐತಿ ಅಂದಾಂವ ನಾನಲ್ಲೇನು? ಖರೆ ಗೆರಿ ಅಷ್ಟು ಛಂದ ಇರೂದಿಲ್ಲವಾ. ನನಗ ತಿಳೀಬೇಕಿತ್ತು."

ಆ ತಿಂಗಳೇ ಸರ್ ಹೋದರು. ಶಶಿರೇಖಾ ಮತ್ತೆ ನನ್ನನ್ನು ಕರೆಯಲಿಲ್ಲ, ಅಳಿಸಲೂ ಇಲ್ಲ. ಹಳೆಯ ಫೋಲ್ಡರೊಂದರಲ್ಲಿ ಇದ್ದೇನೆ. ಗುರುತು ಈಗ ಸರಿಯಾದ ಪುಟದಲ್ಲಿದೆ. ಅಲ್ಲಿಂದ ಮುಂದಿನ ಅಂಕಿ ಹೊಸದು, ಇನ್ನೂ ಯಾರೂ ಕಾಣದ್ದು. ಕೇಳುವವರಿಲ್ಲ.